ಆನೆ ಗೋಪುರದಲ್ಲೇ ನಿಂತ ಮರುಓದು: ಮೂರನೇ ವಾರ

ನಮ್ಮ ಭಾನುವಾರದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ (ಒಬ್ಬರು ಕತೆ ನಡೆಸಿ, ಉಳಿದವರು ಪಾತ್ರಗಳಾಗಿ ಮಾತು, ದಾಳಗಳಿಂದ ಆಡೋ ಆಟ) ಹೊಸ ಸರಕು ಬೇಕಿತ್ತು. ಅದಕ್ಕೇ ಕತ್ತಿ-ಮಾಟದ ಹಳೇ ಕತೆಗಳನ್ನು ಮತ್ತೆ ಓದುತ್ತಿದ್ದೇನೆ. ಯಾವುದನ್ನು ಓದಬೇಕು ಅಂತ ನಾನು ಹುಡುಕಬೇಕಾಗಲಿಲ್ಲ. ಈ ಆಟ ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಆಟ ನಡೆಸುವವರಿಗಾಗಿ ಬರೆದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ, ಅಪೆಂಡಿಕ್ಸ್ ಎನ್ ಅನ್ನೋ ಅನುಬಂಧದಲ್ಲಿ, ತಮಗೆ ಸ್ಫೂರ್ತಿಯಾದ ಲೇಖಕರ ಪಟ್ಟಿಯನ್ನೇ ಕೊಟ್ಟಿದ್ದಾರೆ.

ಮೊದಲ ವಾರ ಜ್ಯಾಕ್ ವ್ಯಾನ್ಸ್. 1950ರ 'ದಿ ಡೈಯಿಂಗ್ ಅರ್ಥ್'. ಇದರ ಮಾಂತ್ರಿಕ ಮಝೀರಿಯನ್ ಎಷ್ಟೇ ಕಷ್ಟಪಟ್ಟರೂ ತಲೆಯಲ್ಲಿ ನಿಲ್ಲೋದು ದೊಡ್ಡ ಮಂತ್ರವಾದರೆ ನಾಲ್ಕು, ಚಿಕ್ಕದಾದರೆ ಆರು. ಹೇಳಿದ ಕೂಡಲೇ ಮರೆತೂ ಹೋಗುತ್ತೆ. ನಮ್ಮ ಆಟದ ಮಂತ್ರದ ನಿಯಮ ಹುಟ್ಟಿದ್ದೇ ಇಲ್ಲಿ. ಎರಡನೇ ವಾರ ಫ್ರಿಟ್ಜ್ ಲೈಬರ್. ಲಂಕ್‌ಮಾರ್ ಊರಿನ ಮಂಜು, ಗಲ್ಲಿ, ಕಳ್ಳರ ಸಂಘ ಎಲ್ಲ ನೋಟ್‌ಬುಕ್ ಸೇರಿದವು.

ಈ ವಾರ ರಾಬರ್ಟ್ ಹೋವರ್ಡ್ ಬರೆದ 'ದಿ ಟವರ್ ಆಫ್ ದಿ ಎಲಿಫೆಂಟ್'. 1933ರ ಮಾರ್ಚ್‌ನಲ್ಲಿ ವಿಯರ್ಡ್ ಟೇಲ್ಸ್ ಪತ್ರಿಕೆಯಲ್ಲಿ ಬಂದ, ಅಲೆಮಾರಿ ಕತ್ತಿವೀರ ಕೋನನ್‌ನ ಕತೆ. ಮುಂದೆ ಹೋಗೋಕೆ ಮನಸ್ಸೇ ಬರಲಿಲ್ಲ. ಎರಡು ಸಲ ಓದಿದೆ.

ಹರೆಯದ ಕೋನನ್ ರತ್ನ ಕದಿಯಲು ಮಾಟಗಾರನ ಗೋಪುರ ಹತ್ತುತ್ತಾನೆ. ತೋಟದಲ್ಲಿ ಸದ್ದೇ ಮಾಡದ ಸಿಂಹಗಳು. ಜೊತೆಗಿರುವ ನುರಿತ ಕಳ್ಳ ಕೊಳವೆಯಲ್ಲಿ ಕಪ್ಪು ತಾವರೆಯ ಪುಡಿ ಊದಿ ಅವುಗಳನ್ನು ಕೊಲ್ಲುತ್ತಾನೆ. ಆದರೆ ಮೇಲಿನ ಕೋಣೆಗೆ ಕಾಲಿಟ್ಟ ಕೆಲವೇ ಕ್ಷಣಕ್ಕೆ ಅವನೇ ಹೆಣವಾಗುತ್ತಾನೆ. ಒಳಗಿದ್ದದ್ದು ದೈತ್ಯ ಜೇಡ. ಕೋನನ್ ಅದನ್ನು ಕೊಲ್ಲೋದು ಕತ್ತಿಯಿಂದಲ್ಲ, ಒಡವೆ ತುಂಬಿದ ಪೆಟ್ಟಿಗೆಯನ್ನೇ ಎತ್ತಿ ಎಸೆದು. ಕೋಣೆಯಲ್ಲಿ ಇರೋದೆಲ್ಲ ಆಯುಧವೇ ಅಂತ ಪ್ಲೇಯರ್‌ಗಳಿಗೆ ಹೇಳಿಕೊಡೋಕೆ ಇದಕ್ಕಿಂತ ಒಳ್ಳೇ ದೃಶ್ಯ ಬೇಕಾ?

ಆದರೆ ನನ್ನ ಹಿಡಿದು ನಿಲ್ಲಿಸಿದ್ದು ಅದರ ಕೆಳಗಿನ ಕೋಣೆ. ಅಲ್ಲಿ ಆನೆ ಮುಖದ ಒಂದು ಜೀವ ಕೂತಿದೆ. ಬೇರೆ ಲೋಕದಿಂದ ಬಂದದ್ದು. ಚಿತ್ರಹಿಂಸೆ ಕೊಟ್ಟು ಅದರ ಕಣ್ಣು ತೆಗೆದಿದ್ದಾರೆ. ಕತ್ತಿ ಹಿಡಿದು ಬಂದ ಕೋನನ್‌ಗೆ ಭಯ ಹೋಗಿ ಅಯ್ಯೋ ಅನಿಸುತ್ತೆ. ಅದು ಬೇಡುವುದು ಸಾವನ್ನು.

ನನ್ನ ಮೊದಲ ಟಿಪ್ಪಣಿಯಲ್ಲಿ ಆ ಜೀವಕ್ಕೆ ಹಿಟ್ ಪಾಯಿಂಟ್ಸ್ (ಎಷ್ಟು ಪೆಟ್ಟು ತಿಂದರೆ ಸಾಯುತ್ತೆ ಅನ್ನೋ ಲೆಕ್ಕ) ಬರೆದಿದ್ದೆ. ಓದಿ ಮುಗಿಸಿ ಹೊಡೆದು ಹಾಕಿದೆ.

ಭಾನುವಾರ ನಾಲ್ವರನ್ನು ಕೂರಿಸಿ ಈ ಗೋಪುರದ ಕತೆಯನ್ನೇ ಆಡಿಸಿದೆ. ಆನೆ ಮುಖ ಅಂದ ಕೂಡಲೇ ಒಬ್ಬ ಗೆಳತಿ "ಗಣಪಾ?" ಅಂದಳು. ಆಮೇಲೆ ಟೇಬಲ್ ಸುಮ್ಮನಾಯಿತು. ಕಣ್ಣಿಲ್ಲ ಅಂತ ಹೇಳಿದಾಗ, ಅವಳು ಕೈಯಲ್ಲಿದ್ದ ಇಪ್ಪತ್ತು ಮುಖದ ದಾಳವನ್ನು ಮೆಲ್ಲಗೆ ಕೆಳಗಿಟ್ಟಳು. ಮುಂದಿನ ನಲವತ್ತು ನಿಮಿಷ ಯಾರೂ ದಾಳ ಮುಟ್ಟಲಿಲ್ಲ. ಬರೀ ಮಾತು. ಅದರ ಕೋರಿಕೆ ನಡೆಸಿಕೊಡಬೇಕಾ, ಇಲ್ಲಾ ಹೊತ್ತುಕೊಂಡಾದರೂ ಹೊರಗೆ ತರಬೇಕಾ ಅಂತ. ಇಷ್ಟು ವರ್ಷ ಆಟ ನಡೆಸಿದ್ದೇನೆ, ಇಂಥ ರಾತ್ರಿ ಕಂಡಿರಲಿಲ್ಲ.

ಸಿಂಹಗಳ ಭಾಗ ಮಾತ್ರ ಎಳೆಯಿತು. ಒಂದೊಂದಕ್ಕೂ ಬೇರೆ ಬೇರೆ ದಾಳ ಹಾಕಿಸಿದ್ದು ತಪ್ಪು. ಇನ್ನು ಮುಂದೆ ಪುಡಿ ಮೂರು ಊದಿಗೆ ಮಾತ್ರ, ಮುಗಿದರೆ ಓಡಬೇಕು. ಜೇಡದ ಕೋಣೆಯ ನಕ್ಷೆಯಲ್ಲೂ ಪೆಟ್ಟಿಗೆಗಳನ್ನು ಸ್ಪಷ್ಟವಾಗಿ ಬರೀಬೇಕು, ಯಾರೂ ಗಮನಿಸಲೇ ಇಲ್ಲ.

ಇದೇ ಶನಿವಾರ ಇನ್ನೊಂದು ಗುಂಪು ಬರ್ತಿದೆ. ಅವರಿಗೂ ಇದನ್ನೇ ಆಡಿಸುತ್ತೇನೆ. ಅಷ್ಟರಲ್ಲಿ, ಗೈಗ್ಯಾಕ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೂ, ಸಿ. ಎಲ್. ಮೂರ್ ಅವರ 1934ರ ಜಿರೆಲ್ ಅನ್ನೋ ಕತ್ತಿವೀರೆಯ ಕತೆ ಶುರು ಮಾಡಬೇಕು.