ಒಂದು ಸರದಿಗೆ ಹದಿನೈದು ರೊಟ್ಟಿ

ನನ್ನ ಹಳೆಯ ಕಡತವೊಂದರಲ್ಲಿ ಕೆಂಪು ಶಾಯಿಯಲ್ಲಿ ಬರೆದ ಎರಡು ಪದಗಳಿದ್ದವು: ‘ಸಹಕಾರ ಇಲ್ಲ’. ಬರೆದವಳು ನಾನೇ. ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿ ಆಗಿನ್ನೂ ಎರಡನೆಯ ವರ್ಷ.

ಅವರು ಗದಗ ಕಡೆಯ ಶಾಲಾ ಶಿಕ್ಷಕಿ. ಕುತ್ತಿಗೆ, ಭುಜ, ಸೊಂಟ, ತೊಡೆ, ಎಲ್ಲ ಕಡೆಯೂ ನೋವು. ರಾತ್ರಿ ಎಂಟು ತಾಸು ಮಲಗಿದರೂ ಬೆಳಿಗ್ಗೆ ಏಳುವಾಗ ಯಾರೋ ಒನಕೆಯಿಂದ ಕುಟ್ಟಿದಂತಿರುತ್ತದೆ ಎನ್ನುತ್ತಿದ್ದರು. ರಕ್ತಪರೀಕ್ಷೆ ಸರಿ, ಎಕ್ಸ್‌ರೇ ಸರಿ. ವೈದ್ಯರು ಚೀಟಿಯಲ್ಲಿ ‘ಫೈಬ್ರೊಮಯಾಲ್ಜಿಯಾ’, ಅಂದರೆ ಮೈತುಂಬ ಬಹುಕಾಲ ಕಾಡುವ ನೋವಿನ ಕಾಯಿಲೆ, ಎಂದು ಬರೆದು ನಮ್ಮಲ್ಲಿಗೆ ಕಳುಹಿಸಿದ್ದರು. ನಾನು ಹುಮ್ಮಸ್ಸಿನಲ್ಲಿ ಹತ್ತು ವ್ಯಾಯಾಮಗಳ ಹಾಳೆಯನ್ನು ಕೈಗಿಟ್ಟೆ. ಒಂದೊಂದನ್ನೂ ಹತ್ತು ಸಲದಂತೆ ಮೂರು ಸುತ್ತು, ಜೊತೆಗೆ ದಿನಕ್ಕೆ ಅರ್ಧ ತಾಸು ನಡಿಗೆ. ಶಿಕ್ಷಕಿಯಲ್ಲವೇ, ಮನೆಪಾಠ ಮಾಡಿದಂತೆ ಮೂರು ದಿನ ಒಂದನ್ನೂ ಬಿಡದೆ ಮಾಡಿದರು. ನಾಲ್ಕನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ವಾರದ ನಂತರ ಅವರ ಯಜಮಾನರು ಫೋನ್ ಮಾಡಿ, “ನಿಮ್ಮ ವ್ಯಾಯಾಮ ಬೇಡ ಮೇಡಂ, ಇದ್ದ ನೋವೇ ಸಾಕು” ಎಂದರು. ಫೋನ್ ಇಟ್ಟವಳೇ ಕೆಂಪು ಪೆನ್ನು ತೆಗೆದುಕೊಂಡೆ.

ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರಿಗೆ, ಭುಜ ಹಿಡಿದುಕೊಂಡವರಿಗೆ ನಾವು ಹೇಳುವುದು ಒಂದೇ: ಸ್ವಲ್ಪ ನೋವಾದರೂ ಮುಂದುವರಿಸಿ. ಆ ರೂಢಿ ನನ್ನ ಕೈಗೆ ಅಂಟಿಕೊಂಡಿತ್ತು. ಫೈಬ್ರೊಮಯಾಲ್ಜಿಯಾದ ಹೆಸರು ನನಗೆ ಗೊತ್ತಿತ್ತು, ಮೈ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ನಮಗೆ ಕಲಿಸಿದ್ದು 1990ರ ಅಮೆರಿಕದ ಮಾನದಂಡ. ಮೈಮೇಲೆ ಗುರುತಿಸಿದ 18 ಜಾಗಗಳನ್ನು ಹೆಬ್ಬೆರಳಿನಿಂದ ಸುಮಾರು 4 ಕಿಲೊ ಭಾರದಷ್ಟು ಒತ್ತಬೇಕು, ಅಂದರೆ ನಮ್ಮ ಉಗುರು ಬೆಳ್ಳಗಾಗುವಷ್ಟು. 11 ಕಡೆ ನೋವೆಂದರೆ ಲೆಕ್ಕ ಮುಗಿಯಿತು. 2010ರ ಹೊಸ ಮಾನದಂಡದಲ್ಲಿ ಈ ಒತ್ತುವ ಪರೀಕ್ಷೆ ಇಲ್ಲ. ನೋವು ಮೈಯ ಎಷ್ಟು ಭಾಗಗಳಿಗೆ ಹರಡಿದೆ, ಮೂರು ತಿಂಗಳಿಂದ ಇದೆಯೇ, ನಿದ್ರೆ ಹೇಗಿದೆ, ದಣಿವೆಷ್ಟು, ಮರೆವು ಕಾಡುತ್ತಿದೆಯೇ ಎಂದು ಕೇಳುತ್ತಾರೆ. ಒತ್ತಿ ನೋಡುವವರು ಕೂತು ಕೇಳುವವರಾಗಬೇಕಾಯಿತು. ನನಗೆ ಅದಕ್ಕೆ ವರ್ಷಗಳೇ ಹಿಡಿದವು.

ಕಳೆದ ದೀಪಾವಳಿ ಮುಗಿದ ಮೇಲೆ ಹಳೇ ಹುಬ್ಬಳ್ಳಿಯಿಂದ ಬಂದವರನ್ನು ಇಲ್ಲಿ ‘ರೊಟ್ಟಿ ಅಕ್ಕ’ ಎಂದೇ ಕರೆಯುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಉದ್ಯೋಗ. ಹಿಂದೆ ದಿನಕ್ಕೆ ನೂರಿಪ್ಪತ್ತು ಬಡಿಯುತ್ತಿದ್ದವರು ಅರವತ್ತಕ್ಕೆ ಇಳಿದಿದ್ದರು. ಸಂಧಿವಾತವೇ, ಥೈರಾಯ್ಡ್ ಏರುಪೇರೇ, ವಿಟಮಿನ್ ಕೊರತೆಯೇ ಎಂದು ವೈದ್ಯರು ಮೊದಲೇ ನೋಡಿದ್ದರು. ಆ ಕೆಲಸ ನಮ್ಮದಲ್ಲ, ಆದರೆ ಅದು ಆಗಿದೆಯೋ ಇಲ್ಲವೋ ಎಂದು ಕೇಳುವುದು ನಮ್ಮ ಕೆಲಸ. ಕೀಲು ಊದಿಕೊಂಡಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ನಾನು ಕೈ ಹಚ್ಚದೆ ವೈದ್ಯರ ಬಳಿ ವಾಪಸ್ ಕಳುಹಿಸುತ್ತೇನೆ. ಅಕ್ಕನಿಗೆ ಇವು ಯಾವುವೂ ಇರಲಿಲ್ಲ. ಇದ್ದದ್ದು ನೋವು, ಮತ್ತು ಮನೆಯವರು ಆ ನೋವಿಗೆ ಇಟ್ಟ ಹೆಸರು: ಮೈಗಳ್ಳತನ.

ಜೊತೆಗೆ ಬಂದಿದ್ದ ಯಜಮಾನರ ಮೊದಲ ಪ್ರಶ್ನೆ, “ಕರೆಂಟ್ ಎಷ್ಟು ದಿನ ಹಚ್ಚುತ್ತೀರಿ?”

ನಮ್ಮ ಊರಲ್ಲಿ ಫಿಜಿಯೋಥೆರಪಿ ಎಂದರೆ ಕರೆಂಟ್ ಮತ್ತು ಶಾಖ. ಹತ್ತು ದಿನದ ಕೋರ್ಸ್, ದಿನಕ್ಕಿಷ್ಟು ಎಂದು ಲೆಕ್ಕ. ಮುಚ್ಚಿಡುವುದೇಕೆ, ನಮ್ಮ ಬಾಡಿಗೆ ಕಟ್ಟುವುದೂ ಆ ಯಂತ್ರಗಳೇ. ರೋಗಿಯನ್ನು ಮಲಗಿಸಿ ಯಂತ್ರ ಹಚ್ಚಿದರೆ ಅವರಿಗೂ ಏನೋ ಆಯಿತೆಂಬ ಸಮಾಧಾನ, ನಮಗೂ ಮುಂದಿನವರನ್ನು ನೋಡಲು ಬಿಡುವು. ಕೂತು ಮಾತನಾಡಿಸಿ, ಎದ್ದು ನಾಲ್ಕು ಹೆಜ್ಜೆ ನಡೆಸಿ ದುಡ್ಡು ಕೇಳಿದರೆ ‘ಇದಕ್ಕೂ ಫೀಸೇ?’ ಎಂಬ ನೋಟ ಎದುರಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ಶಾಖದ ಹಿತ ಮನೆ ಮುಟ್ಟುವವರೆಗೂ ಉಳಿಯುವುದಿಲ್ಲ. ಬೇಕಿದ್ದರೆ ಬಿಸಿನೀರಿನ ಚೀಲ ಮನೆಯಲ್ಲೇ ಇಟ್ಟುಕೊಳ್ಳಲಿ. ಚರ್ಮದ ಮೇಲಿಂದ ನವಿರಾಗಿ ಕರೆಂಟ್ ಹಾಯಿಸುವ ಟೆನ್ಸ್ ಎಂಬ ಸಣ್ಣ ಯಂತ್ರದ್ದು ಮಾತ್ರ ಸ್ವಲ್ಪ ಬೇರೆ ಕತೆ. ಅಮೆರಿಕದಲ್ಲಿ ಸುಮಾರು 300 ಮಹಿಳೆಯರ ಮೇಲೆ ನಡೆದು 2020ರಲ್ಲಿ ಅಚ್ಚಾದ ಪ್ರಯೋಗದಲ್ಲಿ, ಓಡಾಡುವಾಗಿನ ನೋವು ಅದರಿಂದ ಕಡಿಮೆಯಾಗಿದ್ದು ಕಂಡಿತು. ಹಾಗಾಗಿ ಅದನ್ನು ಮಲಗಿಸಿ ಹಚ್ಚುವುದನ್ನು ಬಿಟ್ಟು, ಹಚ್ಚಿಕೊಂಡು ನಡೆಯಿರಿ ಎನ್ನುತ್ತೇನೆ.

ಅಕ್ಕನಿಗೆ ಕಾಯಿಲೆಯನ್ನು ವಿವರಿಸಲು ಗಣೇಶ ಚೌತಿಯ ಪೆಂಡಾಲನ್ನು ನೆನಪಿಸಿದೆ. ಮೈಕಿನ ಸದ್ದನ್ನು ಪೂರ್ತಿ ಏರಿಸಿಟ್ಟರೆ ಮುಂದೆ ನಿಂತವರ ಉಸಿರೂ ಓಣಿಗೆಲ್ಲ ಕೇಳುತ್ತದೆ. ನಿಮ್ಮ ನರಮಂಡಲವೂ ಹಾಗೆ ಆಗಿದೆ, ಸ್ನಾಯು ಹರಿದಿಲ್ಲ, ಮೂಳೆ ಸವೆದಿಲ್ಲ, ಆದರೆ ಕೇಳುವ ಸದ್ದು ಸುಳ್ಳಲ್ಲ ಎಂದೆ.

“ಹಾಗಾದರೆ ಇಳಿಸುವ ಗುಂಡಿ ಎಲ್ಲಿದೆ ತಂಗಿ?”

ಒಂದೇ ಗುಂಡಿ ಇದ್ದಿದ್ದರೆ ನಾನೇ ಒತ್ತುತ್ತಿದ್ದೆ. ವೈದ್ಯರ ಮಾತ್ರೆ, ನಿದ್ರೆ, ಮನಸ್ಸಿನ ಭಾರ, ಮೈಯ ಚಲನೆ, ಇವೆಲ್ಲ ಒಂದೊಂದು ಕೂದಲೆಳೆಯಷ್ಟು ತಿರುಗಿಸುತ್ತವೆ. ಇವುಗಳಲ್ಲಿ ನನ್ನ ಕೈಗೆ ಎಟಕುವುದು ಚಲನೆ. ಅದು ಸಣ್ಣದೇನಲ್ಲ. ಯುರೋಪಿನ ಸಂಧಿರೋಗ ತಜ್ಞರ ಸಂಘಟನೆ 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನು ತೂಗಿ ನೋಡಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಮಾತ್ರೆಗಳಿಗೂ ಅಷ್ಟು ಬಲದ ಮಾತು ಸಿಗಲಿಲ್ಲ. ಹಾಗೆಂದು ಪವಾಡವೂ ಅಲ್ಲ. ನಡಿಗೆಯಂಥ, ಉಸಿರನ್ನು ಚುರುಕಾಗಿಸುವ ವ್ಯಾಯಾಮದ ಪ್ರಯೋಗಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದ, ಚಿಕಿತ್ಸೆಗಳ ಪುರಾವೆ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯ ಪ್ರಕಾರ ಬದುಕಿನ ಗುಣಮಟ್ಟ ಸುಧಾರಿಸುವ ಸಾಧ್ಯತೆ ಹೆಚ್ಚು, ನೋವು ತುಸು ಕಡಿಮೆಯಾಗಬಹುದು, ದಣಿವಿನಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿಲ್ಲ. ಈಗ ಇಷ್ಟನ್ನೇ ರೋಗಿಗಳಿಗೂ ಹೇಳುತ್ತೇನೆ. ‘ಪೂರ್ತಿ ಗುಣ’ ಎಂಬ ಮಾತನ್ನು ನನ್ನ ಬಾಯಿಂದ ತೆಗೆದುಹಾಕಿದ್ದೇನೆ.

ಮುಂದಿನ ಸಲ ಬರುವಾಗ ಹಿಟ್ಟು ತನ್ನಿ ಎಂದೆ. ಅಕ್ಕ ನಕ್ಕರು, ಆದರೆ ತಂದರು. ನಮ್ಮ ಸಿಬ್ಬಂದಿಯ ಚಹಾದ ಒಲೆಯ ಮೇಲೆ ನೀರು ಕಾಯಿಸಿ, ಹಿಟ್ಟು ನಾದಿ, ನೆಲದ ಮೇಲೆ ಕೂತು ಬಡಿದು ತೋರಿಸಿದರು. ಬಲಗೈ ಬಡಿಯುತ್ತಿದ್ದಂತೆ ರೊಟ್ಟಿ ಎಡಗೈ ಬೆರಳುಗಳ ನಡುವೆ ತಾನಾಗಿಯೇ ತಿರುಗುತ್ತಿತ್ತು. ಆ ಅಂದವನ್ನು ನೋಡುವುದನ್ನು ಬಿಟ್ಟು ಭುಜ ನೋಡಿದೆ. ಎರಡೂ ಭುಜ ಕಿವಿಯ ಹತ್ತಿರ ಏರಿ ಕೂತಿದ್ದವು. ರೊಟ್ಟಿ ಮುಗಿಯುವವರೆಗೆ ಅಕ್ಕ ಉಸಿರು ಬಿಟ್ಟಿರಲಿಲ್ಲ. ಮನೆಯಲ್ಲಿ ಹೀಗೆಯೇ ಒಮ್ಮೆ ಕೂತರೆ ನಲವತ್ತು ರೊಟ್ಟಿ ಮುಗಿಸಿಯೇ ಏಳುವುದು, ಆಮೇಲೆ ಸಂಜೆಯವರೆಗೆ ಮಲಗುವುದು. ಮೈ ಹಗುರವಿದ್ದ ದಿನ ಎಂಬತ್ತು, ಮರುದಿನ ಸೊನ್ನೆ.

ಇಲ್ಲಿಯೇ ನನ್ನ ಪಾಠ ಇದ್ದದ್ದು. ಕೆಟ್ಟ ದಿನ ನೋವು ಏರುವ ಮುಂಚೆ ಎಷ್ಟು ಬಡಿಯುತ್ತೀರಿ ಎಂದು ಕೇಳಿದೆ. ಇಪ್ಪತ್ತು ಎಂದರು. ಹದಿನೈದಕ್ಕೆ ನಿಲ್ಲಿಸಿ, ಎದ್ದು ಹತ್ತು ನಿಮಿಷ ಓಡಾಡಿ, ಆಮೇಲೆ ಮತ್ತೆ ಹದಿನೈದು. ಕೆಟ್ಟ ದಿನವೂ ಅಷ್ಟೇ, ಒಳ್ಳೆಯ ದಿನವೂ ಅಷ್ಟೇ. ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ನಿಲ್ಲಿಸುವುದು ಕಷ್ಟ ಎಂದು ನನಗೆ ಗೊತ್ತಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ ಎಂದೆ. ಅಕ್ಕ ಅದನ್ನು ಒಪ್ಪಲಿಲ್ಲ. “ಅಲಾರಂ ಬಂದ್ ಮಾಡಿ ಬಡಿಯುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಹದಿನೈದಕ್ಕಾಗುವಷ್ಟೇ ಹಿಟ್ಟಿಗೆ ಎಸರು ಹಾಕುತ್ತೇನೆ” ಎಂದರು. ಜೋಳದ ಹಿಟ್ಟು ನಾದಿ ಬಿಟ್ಟರೆ ಆರಿ, ಅಂಚು ಸೀಳುತ್ತದೆ, ಒಮ್ಮೆಗೇ ಹೆಚ್ಚು ನಾದಿಟ್ಟುಕೊಳ್ಳುವಂತಿಲ್ಲ. ಹಿಟ್ಟು ಮುಗಿದರೆ ಏಳಲೇಬೇಕು. ಇಂಥ ಉಪಾಯ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ವ್ಯಾಯಾಮವನ್ನೂ ಅದೇ ಅಳತೆಯಲ್ಲಿ ಕೊಟ್ಟೆ. ಕುರ್ಚಿಯಿಂದ ಎದ್ದು ಕೂರುವುದು ಐದು ಸಲ, ಗೋಡೆಗೆ ಕೈಕೊಟ್ಟು ತಳ್ಳುವುದು ಐದು ಸಲ. ತೋಳನಕೆರೆ, ಉಣಕಲ್ ಕೆರೆಯ ವಾಕಿಂಗ್ ಎಲ್ಲ ವಿದ್ಯಾನಗರದವರಿಗೆ ಸರಿ. ಅಕ್ಕ ಮನೆಯಿಂದ ಸಿದ್ಧಾರೂಢ ಮಠದ ದಾರಿಯಲ್ಲಿ ಮೂರು ನಿಮಿಷ ಹೋಗಿ ಮೂರು ನಿಮಿಷ ವಾಪಸ್ ಬರಬೇಕು. ವಾರಕ್ಕೆ ಒಂದು ನಿಮಿಷ ಸೇರಿಸುವುದು. “ಇಷ್ಟಕ್ಕೇ ಏನಾಗುತ್ತದೆ?” ಎಂದು ಯಜಮಾನರು ಗೊಣಗಿದರು. ಶಿಕ್ಷಕಿಯ ಮನೆಯಿಂದ ಬಂದ ಫೋನ್ ನೆನಪಾಯಿತು. ಆ ರಾತ್ರಿ ಹಳೆಯ ಕಡತ ಹುಡುಕಿ, ಅದರಲ್ಲಿದ್ದ ನಂಬರಿಗೆ ಕರೆ ಮಾಡಿದೆ. ನಂಬರ್ ಬೇರೆ ಯಾರದೋ ಆಗಿತ್ತು. ಕೆಂಪು ಪದಗಳ ಮೇಲೆ ಗೀಟು ಎಳೆದು ಕೆಳಗೆ ‘ನಾನು ಕೊಟ್ಟ ಪ್ರಮಾಣ ಹೆಚ್ಚಾಯಿತು’ ಎಂದು ಬರೆದೆ.

ಎರಡು ತಿಂಗಳು ನೆಟ್ಟಗೆ ನಡೆಯಿತು. ಸಂಕ್ರಾಂತಿ ಬಂತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಆರ್ಡರ್‌ಗಳ ಸಾಲು. ಅಕ್ಕ ಹಿಟ್ಟಿನ ಲೆಕ್ಕ ಮರೆತು ಮೂರು ದಿನ ಬೆಳಗಿನಿಂದ ರಾತ್ರಿಯವರೆಗೆ ಬಡಿದರು, ಆಮೇಲೆ ಆರು ದಿನ ಮಲಗಿದರು. ನನ್ನ ಬಳಿ ಬಂದಾಗ ತಪ್ಪು ಮಾಡಿದ ಹುಡುಗಿಯಂತೆ ತಲೆ ಎತ್ತಲಿಲ್ಲ. ಬೈಯುವುದು ಬಹಳ ಸುಲಭವಿತ್ತು. ಆ ಮೂರು ದಿನದ ದುಡಿಮೆಯಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟಿದ್ದಾರೆಂದು ಗೊತ್ತಾದ ಮೇಲೆ ಏನೆಂದು ಬೈಯಲಿ? ಎರಡು ವಾರ ಹಿಂದಿನ ಅಳತೆಗೆ ಹೋಗಿ ಮತ್ತೆ ಶುರುಮಾಡಿದೆವು. ಮುಂದಿನ ಸುಗ್ಗಿಗೆ ಅರ್ಧ ಆರ್ಡರನ್ನು ನೆಗೆಣ್ಣಿಗೆ ಕೊಡುವ ಮಾತೂ ಆಯಿತು. ಅದರಿಂದ ಮನೆಯಲ್ಲಿ ಎದ್ದ ಜಗಳಕ್ಕೆ ನನ್ನಲ್ಲಿ ವ್ಯಾಯಾಮವಿಲ್ಲ.

ಶಿವರಾತ್ರಿಯ ಮರುದಿನ ಅಕ್ಕ ಮಠದ ತೇರಿಗೆ ನಡೆದೇ ಹೋದರು, ಬರುವಾಗ ಆಟೊ ಹತ್ತಿದರು. ಆಟೊ ಹತ್ತಿದ್ದಕ್ಕೆ ನಾನು ಹೆಚ್ಚು ಖುಷಿಪಟ್ಟೆ. ಐದು ತಿಂಗಳಾದ ಮೇಲೆ, ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಆರು ಎಂದರು. ಮೊದಲ ದಿನ ಏಳು ಎಂದಿದ್ದರು. ಕಾಗದದ ಮೇಲೆ ಒಂದೇ ಅಂಕ. ಆದರೆ ಈಗ ದಿನಕ್ಕೆ ಆರು ಸರದಿ, ಅಂದರೆ ತೊಂಬತ್ತು ರೊಟ್ಟಿ, ಮಧ್ಯಾಹ್ನ ಮಲಗುವುದಿಲ್ಲ. ಹಾಗಾಗಿ ನನ್ನ ಕಡತದಲ್ಲಿ ಈಗ ನೋವಿನ ಅಂಕದ ಪಕ್ಕದಲ್ಲಿ ಇನ್ನೊಂದು ಕಲಂ ಇದೆ. ಒಬ್ಬರಿಗೆ ರೊಟ್ಟಿ, ಒಬ್ಬರಿಗೆ ಬಸ್ಸಿನಲ್ಲಿ ನಿಂತು ಬಂದ ನಿಲ್ದಾಣಗಳು, ಒಬ್ಬರಿಗೆ ಮೊಮ್ಮಗುವನ್ನು ಎತ್ತಿಕೊಂಡ ಹೊತ್ತು.

ಅಕ್ಕ ಈಗ ತಿಂಗಳಿಗೊಮ್ಮೆ ಬಂದರೆ ಸಾಕು. ಹೋದ ಸಲ ಯಜಮಾನರೂ ಸೊಂಟ ಹಿಡಿದುಕೊಂಡು ಬಂದಿದ್ದರು. ಕುರ್ಚಿಯಲ್ಲಿ ಕೂತವರೇ ಕೇಳಿದರು, “ನನಗಾದರೂ ಕರೆಂಟ್ ಹಚ್ಚುತ್ತೀರೋ, ಇಲ್ಲವೋ?”