ಸ್ಕೀ ಲಿಫ್ಟ್ ಲೆಕ್ಕ, ಭಾಗ 2: ಮೋಟಾರ್ ಎಷ್ಟು ದೊಡ್ಡದಿರಬೇಕು?

ಸ್ಕೀ ಲಿಫ್ಟ್ ಅಂದರೆ ಸ್ಕೀ ಆಡುವವರನ್ನು ಹಿಮದ ಇಳಿಜಾರಿನ ಮೇಲಕ್ಕೆ ಒಯ್ಯುವ ಏರ್ಪಾಡು; ನನ್ನದರಲ್ಲಿ ಸುತ್ತುತ್ತಲೇ ಇರುವ ಹಗ್ಗಕ್ಕೆ ಕುರ್ಚಿಗಳು ನೇತಾಡುತ್ತವೆ. ಕಳೆದ ಸಲ ಬರೀ ನಕ್ಷೆ ಆಗಿತ್ತು. ಈ ಸಲ ಮೋಟಾರ್ ಲೆಕ್ಕ ಒಂದು ಹಂತಕ್ಕೆ ಬಂದಿದೆ.

ನಾನು ಹಿಡಿದಿರುವ ಲಿಫ್ಟ್ ಹೀಗಿದೆ: ಇಳಿಜಾರಿನ ಉದ್ದ 1000 ಮೀಟರ್, ಏರಬೇಕಾದ ಎತ್ತರ 250 ಮೀಟರ್, ನಾಲ್ಕು ಜನ ಕೂರುವ ಕುರ್ಚಿಗಳು, ಹಗ್ಗದ ವೇಗ ಸೆಕೆಂಡಿಗೆ 2.5 ಮೀಟರ್. ಆರು ಸೆಕೆಂಡಿಗೊಂದು ಕುರ್ಚಿ ಹೊರಡುತ್ತದೆ, ಅಂದರೆ ಗಂಟೆಗೆ 2400 ಜನ. ಸ್ಕೀ, ಬೂಟು, ದಪ್ಪ ಬಟ್ಟೆ ಎಲ್ಲ ಸೇರಿ ತಲೆಗೆ 80 ಕಿಲೋ.

ಮೊದಲು ಸುಲಭದ್ದು. ಸೆಕೆಂಡಿಗೆ ಸುಮಾರು 53 ಕಿಲೋ ಮೇಲೆ ಹೋಗಬೇಕು. ಅದನ್ನು ಗುರುತ್ವದ 9.81ರಿಂದ ಗುಣಿಸಿ, ಮತ್ತೆ 250ರಿಂದ ಗುಣಿಸಿದರೆ 131 ಕಿಲೋವ್ಯಾಟ್. ಖಾಲಿ ಕುರ್ಚಿಗಳ ತೂಕ ಇಲ್ಲಿ ಬರುವುದೇ ಇಲ್ಲ. ಎಷ್ಟು ಕುರ್ಚಿ ಮೇಲೆ ಹೋಗುತ್ತವೋ ಅಷ್ಟೇ ಕೆಳಗೆ ಇಳಿಯುತ್ತಿರುತ್ತವೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಹಗ್ಗದ ಕಥೆಯೂ ಅದೇ.

ಈ ಲೆಕ್ಕದಲ್ಲಿ ವೇಗ ಎಲ್ಲಿದೆ? ಎಲ್ಲೂ ಇಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ 2.5 ಅಳಿಸಿ 5 ಹಾಕಿದೆ. 131 ಅಲ್ಲಾಡಲಿಲ್ಲ. ಗಂಟೆಗೆ ಅಷ್ಟೇ ಜನ ಅಂತಾದರೆ, ವೇಗ ಎರಡರಷ್ಟಾದಾಗ ಹಗ್ಗದ ಮೇಲೆ ಒಂದೇ ಹೊತ್ತಿಗೆ ನೇತಾಡುವ ಕುರ್ಚಿಗಳು ಅರ್ಧವಾಗುತ್ತವೆ. ಎಳೆತ ಅರ್ಧ, ವೇಗ ದುಪ್ಪಟ್ಟು. ನಿಲ್ದಾಣದಲ್ಲಿ ಹಗ್ಗ ಬಿಟ್ಟು ಮೆಲ್ಲಗೆ ಸಾಗುವ ಕುರ್ಚಿಗಳಿರುವ ಲಿಫ್ಟ್‌ಗಳು ಸೆಕೆಂಡಿಗೆ 5 ಮೀಟರ್ ಓಡುವುದು ಮಾಮೂಲು. ಅಷ್ಟಕ್ಕೇ ಎತ್ತುವ ಶಕ್ತಿ ಜಾಸ್ತಿ ಬೇಕು ಅಂತೇನಿಲ್ಲ. ಆ ವೇಗ ಬಳಸಿ ಹೆಚ್ಚು ಜನರನ್ನು ಕಳಿಸಿದರೆ ಆಗ ಬೇಕು, ಅಷ್ಟೇ.

ಇದೇ ಸೂತ್ರವನ್ನು ಸುಮ್ನೆ ಹಳೆಯದೊಂದಕ್ಕೆ ಹಾಕಿ ನೋಡಿದೆ. ಜರ್ಮನಿಯ ಕಪ್ಪು ಕಾಡಿನ ಶೋಲಾಖ್‌ನಲ್ಲಿ 1908ರಲ್ಲಿ ರಾಬರ್ಟ್ ವಿಂಟರ್‌ಹಾಲ್ಡರ್ ಕಟ್ಟಿದ ಲಿಫ್ಟ್ ನೀರಿನ ಗಿರಣಿಯಿಂದ ಓಡುತ್ತಿತ್ತು. ಏರುತ್ತಿದ್ದದ್ದು 32 ಮೀಟರ್. ನಿಮಿಷಕ್ಕೊಬ್ಬರು ಅಂತ ಹಿಡಿದರೆ ಎತ್ತಲು 420 ವ್ಯಾಟ್ ಸಾಕು. ಹಿಮದ ಮೇಲೆ ಜಾರುವ ಘರ್ಷಣೆ ಸೇರಿಸಿದರೂ ಗಿರಣಿಗೆ ಅದೊಂದು ಭಾರವೇ ಅಲ್ಲ.

ಇನ್ನು ಘರ್ಷಣೆ. ಕಂಬಗಳ ಮೇಲಿನ ರಬ್ಬರ್ ಕಟ್ಟಿದ ರಾಟೆಗಳಿಗೆ, ಅವುಗಳ ಮೇಲೆ ಬೀಳುವ ಭಾರದ ನೂರಕ್ಕೆ ಮೂರು ಹಿಡಿದಿದ್ದೇನೆ. ಇಲ್ಲಿ ಮಾತ್ರ ಯಾವುದೂ ಒಂದಕ್ಕೊಂದು ಸರಿಹೋಗುವುದಿಲ್ಲ. ಏರುವ ಕುರ್ಚಿಯೂ ಉಜ್ಜುತ್ತದೆ, ಇಳಿಯುವುದೂ ಉಜ್ಜುತ್ತದೆ. ದಾರಿಯಲ್ಲಿರುವ 267 ಜನ 21 ಟನ್, ತಲಾ 180 ಕಿಲೋದಂತೆ 133 ಕುರ್ಚಿ 24 ಟನ್, ಮೀಟರಿಗೆ 6 ಕಿಲೋದಂತೆ ಹಗ್ಗ 12 ಟನ್. ಒಟ್ಟು 57. ಇದರಿಂದ ಬರುವ ತಡೆ ಸುಮಾರು 16 ಕಿಲೋನ್ಯೂಟನ್, ಶಕ್ತಿಯಲ್ಲಿ 41 ಕಿಲೋವ್ಯಾಟ್. ಈಗ 172 ಆಯಿತು.

ಓಡುತ್ತಿರುವ ಲಿಫ್ಟ್ ನೋಡಿ ಮೋಟಾರ್ ಆರಿಸಿದರೆ ಆಗದು. ಕೂರುವಾಗ ಯಾರೋ ಬೀಳುತ್ತಾರೆ, ಲಿಫ್ಟ್ ನಿಲ್ಲಿಸುತ್ತಾರೆ, ಆಮೇಲೆ ತುಂಬಿದ ಕುರ್ಚಿಗಳ ಸಮೇತ ಮತ್ತೆ ಎಬ್ಬಿಸಬೇಕು. ಸೆಕೆಂಡಿಗೆ 0.2 ಮೀಟರ್‌ನಂತೆ ವೇಗ ಏರಿಸಿದರೂ ಪೂರ್ತಿ ವೇಗ ಮುಟ್ಟುವ ಹೊತ್ತಿಗೆ ಇನ್ನೊಂದು 29 ಕಿಲೋವ್ಯಾಟ್. ಗೇರ್‌ಬಾಕ್ಸ್, ಮೋಟಾರ್ ಸೇರಿ ಹತ್ತರಲ್ಲೊಂದು ಪಾಲು ತಿನ್ನುತ್ತವೆ ಅಂದುಕೊಂಡರೆ ಕರೆಂಟ್ ಲೈನಿನಿಂದ ಎಳೆಯುವುದು 191, ಹೊರಡುವಾಗ 223. ತಿರುಗುವ ಚಕ್ರಗಳ ಜಡತ್ವ ಇನ್ನೂ ಸೇರಿಸಿಲ್ಲ.

ನನಗೆ ಮೋಟಾರ್‌ಗಿಂತ ಬ್ರೇಕ್ ಭಾಗವೇ ಹೆಚ್ಚು ಹಿಡಿಸಿತು. ಮೇಜಿನ ಮೇಲಿನ ಸಣ್ಣ ಮಾದರಿಯಲ್ಲಿ ಏರುವ ಕಡೆಗೆ ಮಾತ್ರ ಕಬ್ಬಿಣದ ನಟ್‌ಗಳನ್ನು ತೂಗುಹಾಕಿ, ಓಡುತ್ತಿರುವಾಗಲೇ ಮೋಟಾರಿನ ವೈರ್ ಕಿತ್ತೆ. ದಾರ ಒಂದು ಕ್ಷಣ ನಿಂತು, ಹಿಂದಕ್ಕೆ ಹೊರಟು, ಕೊನೆಯ ನಟ್ ರಾಟೆಗೆ ಟಕ್ ಅಂತ ಬಡಿಯಿತು. ನಿಜವಾದ ಲಿಫ್ಟ್‌ನಲ್ಲೂ ಲೆಕ್ಕ ಅದೇ. ಜನರ ತೂಕ ಹಿಂದಕ್ಕೆ ಎಳೆಯುವುದು 52 ಕಿಲೋನ್ಯೂಟನ್, ಘರ್ಷಣೆ ತಡೆಯುವುದು 16. ಮಿಕ್ಕ 36 ಕಿಲೋನ್ಯೂಟನ್ ಸಾಕು, ಹತ್ತೇ ಸೆಕೆಂಡಿನಲ್ಲಿ ಇಡೀ ಸಾಲು ಗಂಟೆಗೆ 20 ಕಿಲೋಮೀಟರ್ ದಾಟಿ ಹಿಂದಕ್ಕೆ ಓಡುತ್ತದೆ. ಅದಕ್ಕೇ ಮೋಟಾರ್ ಕಡೆ ಒಂದು ಬ್ರೇಕ್ ಇದ್ದರೂ, ಹಗ್ಗ ಸುತ್ತುವ ದೊಡ್ಡ ಚಕ್ರದ ಮೇಲೇ ನೇರವಾಗಿ ಇನ್ನೊಂದು ಇಡುತ್ತಾರೆ. ನಡುವೆ ಗೇರ್‌ಬಾಕ್ಸ್ ಮುರಿದರೆ ಮೊದಲನೆಯದು ಇದ್ದೂ ಇಲ್ಲದ ಹಾಗೆ, ಅಲ್ವಾ?

ಇದರ ಉಲ್ಟಾ ಕೂಡ ಇದೆ. ಮೇಲಿನಿಂದ ಜನ ತುಂಬಿಕೊಂಡು ಇಳಿದು, ಏರುವ ಕಡೆ ಖಾಲಿ ಇದ್ದರೆ 131ರಲ್ಲಿ 41 ಕಳೆದು 90 ಕಿಲೋವ್ಯಾಟ್ ಮಿಗುತ್ತದೆ. ಆಗ ಮೋಟಾರೇ ಜನರೇಟರ್.

ಮುಂದಿನ ಕೆಲಸ ಚಕ್ರದ ಬ್ರೇಕ್. ವ್ಯಾಸ 4 ಮೀಟರ್ ಹಿಡಿದರೆ, ಹಿಂದಕ್ಕೆ ಹೋಗದಂತೆ ಹಿಡಿದು ನಿಲ್ಲಿಸುವುದಕ್ಕೇ 72 ಕಿಲೋನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು. ಅದರ ಮೇಲೆ ಎಷ್ಟು ಮೀಸಲು ಇಡಬೇಕು ಅನ್ನುವುದರಿಂದ ಭಾಗ 3 ಶುರು.