ಸಿನಿಮಾಕ್ಕೆ ಹೋದರೆ ಜಾನಪದ ಹಾಡು ಕೆಡುವುದಿಲ್ಲವೇ?

ನನಗೆ ಐರಿಷ್ ಹಾಡುಗಳ ಹುಚ್ಚಿದೆ ಎಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ಹೌದು ಎಂದು ನಾನು ತಲೆಯಾಡಿಸಿದರೆ ಅವರಿಗೆ ಸಮಾಧಾನ. ಬಹಳ ಸಲ ಆಡಿಸಿಯೂ ಇದ್ದೇನೆ. ಆದರೆ ಈರ್ಲ ಓ ಲಿನಾರ್ಡ್ ನೆನಪಾದರೆ ತಲೆ ಅಲ್ಲಾಡುವುದಿಲ್ಲ.

ಅವರು ಐರ್ಲೆಂಡಿನ ಕಾರ್ಕ್ ಸೀಮೆಯ ಕೂಲೇ ಎಂಬ ಐರಿಷ್ ಭಾಷಿಕ ಹಳ್ಳಿಯವರು. ಅವರದು ಶಾನ್ ನೋಸ್, ಅಂದರೆ ಹಳೆಯ ರೀತಿಯ ಗಾಯನ. ಒಬ್ಬರೇ ಹಾಡಬೇಕು, ವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ತಾಳದ ಹಂಗೂ ಇಲ್ಲ. ಹಾಡುವವರ ಕೈಯನ್ನು ಪಕ್ಕದವರು ಹಿಡಿದು ಮೆಲ್ಲಗೆ ತಿರುಗಿಸುತ್ತಾ ಕೂರುವ ರೂಢಿಯೂ ಉಂಟು. ಇಂಥದ್ದನ್ನು ಸಿನಿಮಾಕ್ಕೆ ಒಗ್ಗಿಸುವುದು ಹೇಗೆ?

2015ರ 'ಬ್ರೂಕ್ಲಿನ್' ಚಿತ್ರದಲ್ಲಿ ಅವರು ಹಾಡುವುದು ಒಂದೇ ದೃಶ್ಯದಲ್ಲಿ. ಕಾಲ 1950ರ ದಶಕ, ಊರು ನ್ಯೂಯಾರ್ಕ್. ಚರ್ಚಿನವರು ಹಾಕುವ ಕ್ರಿಸ್‌ಮಸ್ ಊಟಕ್ಕೆ ಮುದಿ ಐರಿಷ್ ಕೂಲಿಗಳು ಬಂದಿದ್ದಾರೆ. ಆ ನಗರದ ಸುರಂಗ, ಸೇತುವೆಗಳನ್ನು ಕಟ್ಟಿ ಈಗ ಯಾರಿಗೂ ಬೇಡವಾದವರು. ಅವರಲ್ಲೊಬ್ಬನಾಗಿ ಈರ್ಲ 'ಕಾಸಾ ಅನ್ ತೂಗಾನ್' ಹಾಡುತ್ತಾರೆ. ಚಿತ್ರದ ಸಂಗೀತ ಮೈಕೆಲ್ ಬ್ರೂಕ್ ಅವರದು. ನುಸ್ರತ್ ಫತೇ ಅಲಿ ಖಾನರ ಜೊತೆ ದುಡಿದವರು, 1997ರಲ್ಲಿ ಈರ್ಲ ಅವರ ಆಲ್ಬಮ್ ರೂಪಿಸಿದವರು. ದನಿಗೆ ವಾದ್ಯ ಹೊಂದಿಸುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಆದರೂ ಈ ಹಾಡಿನಡಿ ಒಂದು ಪಿಟೀಲೂ ಮಿಡಿಯುವುದಿಲ್ಲ. ಗಾಯಕ ಉಸಿರೆಳೆಯುವ ತೆರಪಿಗೂ ಏನಾದರೊಂದು ತುರುಕಿದರೆ ಹಾಡು ಕೆಡುತ್ತದೆ, ಸಿನಿಮಾ ಆಗಲಿ ಮದುವೆ ಮಂಟಪವಾಗಲಿ.

ಹಾಡಿನ ಹೆಸರಿನ ಅರ್ಥ ಹಗ್ಗ ಹೊಸೆಯುವುದು. ಇದರ ಹಿಂದೊಂದು ಕಥೆಯಿದೆ. ಮನೆಯೊಂದರಲ್ಲಿ ಠಿಕಾಣಿ ಹೂಡಿದ ಅಲೆಮಾರಿಯೊಬ್ಬ ಆ ಮನೆಯ ಮಗಳ ಮೇಲೆ ಕಣ್ಣಿಡುತ್ತಾನೆ. ಹೋಗು ಎನ್ನಲು ತಾಯಿಗೆ ಬಾಯಿ ಬಾರದು. ಒಣಹುಲ್ಲಿನ ಹಗ್ಗ ಹೊಸೆದುಕೊಡಪ್ಪಾ ಎನ್ನುತ್ತಾಳೆ. ಒಬ್ಬರು ಕುಳಿತು ಹುಲ್ಲು ಕೊಡುತ್ತಿದ್ದರೆ ಹೊಸೆಯುವವನು ಹಿಂದೆ ಹಿಂದೆ ಸರಿಯಬೇಕು. ಹಗ್ಗ ಉದ್ದವಾಗುತ್ತದೆ, ಅವನು ಸರಿಯುತ್ತಾ ಸರಿಯುತ್ತಾ ಹೊಸ್ತಿಲು ದಾಟುತ್ತಾನೆ. ಕದ ಮುಚ್ಚಿಕೊಳ್ಳುತ್ತದೆ.

ಈ ಕಥೆಯನ್ನು ಚಿತ್ರ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಅಟ್ಲಾಂಟಿಕ್ ದಾಟಿ ಬಂದವರ ಮುಖಗಳನ್ನು ತೋರಿಸುತ್ತದೆ, ಅಷ್ಟೆ.

ಈಗೀಗ ಪ್ರಶ್ನೆ ಕೇಳಿದವರನ್ನು ಕೂರಿಸಿ ಆ ದೃಶ್ಯ ತೋರಿಸಿ, ಆಮೇಲೆ ಹಗ್ಗದ ಕಥೆ ಹೇಳುತ್ತೇನೆ. ಮೊನ್ನೆ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ, ಹಗ್ಗ ಕೊನೆಗೆ ಯಾರ ಕೈಯಲ್ಲಿ ಉಳಿಯಿತು?" ಎಂದರು.